ಯುದ್ಧದ ಕಾಲದ ಎಚ್‌ಎಎಲ್ ಏರ್‌ಪೋರ್ಟ್: ತಾತ ಹೇಳುತ್ತಿದ್ದ ಮಾತುಗಳು ನಿಜವೇ?

ಅಗ್ರಹಾರದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ತಾತ, ಅಂದರೆ ಅಮ್ಮನ ಅಪ್ಪ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಈಗಿನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್. ಅವರು ಹೋಗಿ ತುಂಬಾ ವರ್ಷ ಆಯಿತು. ಅಜ್ಜಿಗೆ ಈಗ ನೆನಪು ಅಷ್ಟಾಗಿ ಇಲ್ಲ, ಆದರೆ ಆ ಕಾಲದ್ದು ಮಾತ್ರ ಯಾವಾಗ ಕೇಳಿದರೂ ಹೇಳುತ್ತಾರೆ. ಅವರು ಹೇಳುವುದನ್ನೆಲ್ಲ ಬರೆದಿಡುತ್ತಿದ್ದೇನೆ. ಮೂರು ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆ ನಡೆದಿದೆ, ಗೊತ್ತಿರುವವರು ದಯವಿಟ್ಟು ಹೇಳಿ.

ಒಂದು, ತಾತನಿಗೆ ಮೇಲಿನವರೆಲ್ಲ ಅಮೆರಿಕದ ಮಿಲಿಟರಿಯವರಂತೆ, ಬ್ರಿಟಿಷರಲ್ಲ. ಆಗ ಆಳುತ್ತಿದ್ದವರು ಬ್ರಿಟಿಷರಲ್ವಾ, ಅಮೆರಿಕದವರು ಇಲ್ಲಿ ಯಾಕೆ ಬಂದರು ಅಂತ ಮಾವ ಕೇಳುತ್ತಾರೆ. ಎರಡನೆಯದು, ಬೆಳ್ಳಂದೂರು ಕೆರೆಯ ನೀರಿನ ಮೇಲೆ ವಿಮಾನ ಇಳಿಯುತ್ತಿತ್ತು ಅಂತ ಅಜ್ಜಿ ಹೇಳುತ್ತಾರೆ. ಈಗಿನ ಆ ಕೆರೆ ನೋಡಿದವರಿಗೆ ನಂಬುವುದು ಕಷ್ಟ. ಇನ್ನೊಂದು ಇವೆಲ್ಲಕ್ಕಿಂತ ವಿಚಿತ್ರ. ತಾತ ಐಸ್ ಪೆಟ್ಟಿಗೆಯಿಂದ ಮೊಳೆ ತೆಗೆದು ವಿಮಾನಕ್ಕೆ ಹೊಡೆಯುತ್ತಿದ್ದರಂತೆ, ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತಿತ್ತಂತೆ. ಮೊಳೆಗೆ ಐಸ್ ಯಾಕೆ?

ಒಂದು ಹಳೇ ಫೋಟೋ ಕೂಡ ಇದೆ. ಅದು ದೊಡ್ಡಮ್ಮನ ಮನೆಯಲ್ಲಿದೆ, ತರಿಸಿಕೊಂಡು ಆಮೇಲೆ ಅದರ ಬಗ್ಗೆ ಬರೆಯುತ್ತೇನೆ.

ಇತಿಹಾಸ ಮೇಷ್ಟ್ರು:

ಮೇಡಂ, ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ. ನಿಮ್ಮ ತಾತ ಹೇಳಿದ್ದು ಸರಿಯಾಗಿಯೇ ಇದೆ.

ಕಂಪನಿ ಶುರುವಾಗಿದ್ದು 1940ರ ಡಿಸೆಂಬರ್ 23ಕ್ಕೆ, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಅನ್ನುವ ಹೆಸರಲ್ಲಿ. ಶುರು ಮಾಡಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್, ಜೊತೆಗೆ ಮೈಸೂರು ಸರ್ಕಾರ. ವಾಲ್‌ಚಂದ್ ಅವರಿಗೆ ಅಮೆರಿಕದ ವಿಲಿಯಂ ಪಾಲಿ ಸಿಕ್ಕಿದ್ದು ಒಂದು ವಿಮಾನ ಪ್ರಯಾಣದಲ್ಲಿ. ಈ ಪಾಲಿ ಅದಕ್ಕೆ ಮುಂಚೆಯೇ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ ಮನುಷ್ಯ. ಬರ್ಮಾ ಗಡಿಯ ಲೊಯ್‌ವಿಂಗ್‌ನಲ್ಲಿದ್ದ ಅವರ ಕಾರ್ಖಾನೆ ಮೇಲೆ 1940ರ ಅಕ್ಟೋಬರ್‌ನಲ್ಲಿ ಜಪಾನಿನವರು ಬಾಂಬ್ ಹಾಕಿದ್ದರು. ಹಾಗಾಗಿ ನಮ್ಮ ಕಾರ್ಖಾನೆಗೆ ಮೊದಲಿನಿಂದಲೂ ಅಮೆರಿಕದ ಎಂಜಿನಿಯರುಗಳು, ಅಮೆರಿಕದ ಯಂತ್ರಗಳು, ಅಮೆರಿಕದ ವಿಮಾನಗಳ ನಂಟು ಇತ್ತು.

ಬೆಂಗಳೂರೇ ಯಾಕೆ ಅಂದರೆ ಇದರಲ್ಲಿ ಮೈಸೂರು ಸಂಸ್ಥಾನದ ಪಾಲು ದೊಡ್ಡದು, ಅದನ್ನು ನಾವು ಜಾಸ್ತಿ ನೆನೆಸಿಕೊಳ್ಳುವುದಿಲ್ಲ ಅನ್ನುವ ಬೇಸರ ನನಗಿದೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಮುಂದೆ ಬಿದ್ದು ಜಾಗ ಕೊಡಿಸಿದರು, ಸರ್ಕಾರದಿಂದ ಬಂಡವಾಳ ಹಾಕಿಸಿದರು. ಶಿವನಸಮುದ್ರದ ಕರೆಂಟ್ ಇತ್ತು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು, ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ, ಊರಲ್ಲೇ ಇತ್ತು. ಹವೆ ತಂಪು. ಎಲ್ಲಕ್ಕಿಂತ ಮುಖ್ಯವಾಗಿ ಸಮುದ್ರದಿಂದ ದೂರ. ಈ ಕೊನೆಯ ವಿಷಯದ ಬೆಲೆ ಗೊತ್ತಾಗಿದ್ದು 1942ರ ಏಪ್ರಿಲ್‌ನಲ್ಲಿ, ಜಪಾನಿನವರು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡ ಮೇಲೆ ಬಾಂಬ್ ಹಾಕಿದಾಗ. ಮದ್ರಾಸಿನ ಜನ ಮನೆ ಬೀಗ ಹಾಕಿಕೊಂಡು ಊರು ಬಿಟ್ಟಿದ್ದೂ ಆಗಲೇ. ಅದೇ ತಿಂಗಳು ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲು ಉಳಿಸಿಕೊಂಡಿತು.

ಅಲ್ಲಿಯವರೆಗೆ ಕಾರ್ಖಾನೆಯ ಕನಸು ಹೊಸ ವಿಮಾನ ಕಟ್ಟುವುದಾಗಿತ್ತು. 1941ರಲ್ಲೇ ಹಾರ್ಲೋ ಅನ್ನುವ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿದರು, 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ. ಆದರೆ ಬರ್ಮಾ ಕೈಬಿಟ್ಟ ಮೇಲೆ ಯಾರಿಗೂ ಇಲ್ಲಿ ನಿಧಾನವಾಗಿ ಹೊಸ ವಿಮಾನ ಮಾಡುತ್ತ ಕೂರುವಷ್ಟು ಪುರುಸೊತ್ತು ಇರಲಿಲ್ಲ. ಬರ್ಮಾ ರಸ್ತೆ ಮುಚ್ಚಿದ್ದರಿಂದ ಚೀನಾಕ್ಕೆ ಹೋಗಬೇಕಾದ ಎಣ್ಣೆ, ಮದ್ದುಗುಂಡು ಎಲ್ಲವನ್ನೂ ಅಸ್ಸಾಮಿನಿಂದ ಹಿಮಾಲಯದ ಬೆಟ್ಟಗಳ ಮೇಲೆ ವಿಮಾನದಲ್ಲೇ ಸಾಗಿಸಬೇಕಾಯಿತು. ಆ ವಿಮಾನಗಳು ಕೆಡುತ್ತಿದ್ದವು, ಎಂಜಿನ್ ಸವೆಯುತ್ತಿದ್ದವು. ಅಮೆರಿಕಕ್ಕೆ ವಾಪಸ್ ಕಳಿಸಿ ರಿಪೇರಿ ಮಾಡಿಸೋಕೆ ಆಗುತ್ತಾ? ಅದಕ್ಕೇ 1943ರಲ್ಲಿ ಇಡೀ ಕಾರ್ಖಾನೆಯ ಆಡಳಿತವನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಿದರು. ಯುದ್ಧ ಮುಗಿದ ಮೇಲೆ 1945ರಲ್ಲಿ ವಾಪಸ್ ಬಂತು. ಅಷ್ಟು ದಿನ ತಾತನ ಸಾಹೇಬರು ಅಮೆರಿಕದವರೇ. ಮಾವನಿಗೆ ಧೈರ್ಯವಾಗಿ ಹೇಳಿ.

ಹಳೇ ಫಿಟ್ಟರ್:

ನೋಡಮ್ಮ, ಆ ಐಸಿನ ಮೊಳೆ ಅಂದಿದ್ದನ್ನು ಓದಿ ನನಗೆ ಎಷ್ಟು ಖುಷಿ ಆಯಿತು ಅಂದರೆ ಊಟ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮ ತಾತ ಹೊಡೆಯುತ್ತಿದ್ದದ್ದು ಮೊಳೆ ಅಲ್ಲ, ರಿವೆಟ್. ನಾನು ವಿಮಾನದ ಕೆಲಸಕ್ಕೆ ಅಪ್ರೆಂಟಿಸ್ ಆಗಿ ಸೇರಿದ್ದು 60ರ ದಶಕದಲ್ಲಿ. ನನಗೆ ಕೆಲಸ ಕಲಿಸಿದ ಹಿರಿಯರೆಲ್ಲ ಯುದ್ಧದ ಕಾಲದಲ್ಲಿ ಸೇರಿದವರು. ನಾವೂ ಐಸ್ ಪೆಟ್ಟಿಗೆಯ ರಿವೆಟ್ ಹೊಡೆದಿದ್ದೇವೆ.

ವಿಷಯ ಇಷ್ಟೇ. ವಿಮಾನದ ಮೈ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ತಗಡು. ಅದನ್ನು ಹಿಡಿದಿಡುವ ಗಟ್ಟಿ ಜಾತಿಯ ರಿವೆಟ್ ಕೂಡ ಅದೇ ತರದ ಲೋಹ. ಆ ರಿವೆಟ್ ಗಟ್ಟಿಯಾಗಿದ್ದಾಗ ಹೊಡೆದರೆ ತಲೆ ಬಿರುಕು ಬಿಡುತ್ತದೆ. ಅದಕ್ಕೆ ಮೊದಲು ಕುಲುಮೆಯಲ್ಲಿ ಕಾಯಿಸಿ ತಕ್ಷಣ ನೀರಿಗೆ ಹಾಕುತ್ತಾರೆ. ಉಕ್ಕನ್ನು ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ಇದು ಮೆತ್ತಗಾಗುತ್ತದೆ. ಆದರೆ ಸುಮ್ನೆ ಹೊರಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ತಾನಾಗೇ ಮತ್ತೆ ಗಟ್ಟಿಯಾಗುತ್ತಾ ಹೋಗುತ್ತದೆ. ತಣ್ಣಗೆ ಇಟ್ಟರೆ ಮಾತ್ರ ಮೆತ್ತಗೆ ಉಳಿಯುತ್ತದೆ. ಅದಕ್ಕೇ ಐಸ್ ಪೆಟ್ಟಿಗೆ. ಬೇಕಾದಷ್ಟೇ ತೆಗೆದುಕೊಳ್ಳಬೇಕು, ಬೇಗ ಹೊಡೆದು ಮುಗಿಸಬೇಕು. ಹೊತ್ತು ಮೀರಿ ಹೊರಗೆ ಉಳಿದಿದ್ದನ್ನು ಹೊಡೆಯುವ ಹಾಗಿಲ್ಲ, ವಾಪಸ್ ಕೊಡಬೇಕು. ಹೊಡೆದ ಮೇಲೆ ಅದು ತಗಡಿನಲ್ಲೇ ಕೂತು ಗಟ್ಟಿಯಾಗುತ್ತದೆ, ಅದೇ ಅದರ ಚಂದ.

ಇದು ಇಬ್ಬರ ಕೆಲಸ. ಒಬ್ಬ ಹೊರಗೆ ಗಾಳಿಯ ಗನ್ ಹಿಡಿದಿರುತ್ತಾನೆ. ಇನ್ನೊಬ್ಬ ಒಳಗೆ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಒತ್ತಿ ಹಿಡಿದಿರುತ್ತಾನೆ. ಗನ್ನಿನ ಹೊಡೆತಕ್ಕೆ ರಿವೆಟ್‌ನ ಬಾಲ ಡಾಲಿಗೆ ಬಡಿದು ಚಪ್ಪಟೆ ಆಗುತ್ತದೆ. ರೆಕ್ಕೆಯ ಒಳಗೆ ಜಾಗ ಇರುವುದಿಲ್ಲ, ಸಣ್ಣ ಮೈಯಿನ ಹುಡುಗರನ್ನೇ ಒಳಗೆ ಕಳಿಸುತ್ತಿದ್ದರು. ಒಳಗಿದ್ದವನಿಗೆ ಹೊರಗಿದ್ದವನ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಹಾಗಾಗಿ ತಗಡಿನ ಮೇಲೆ ತಟ್ಟಿ ಹೇಳಬೇಕು. ಒಂದು ಸಲ ತಟ್ಟಿದರೆ ಇನ್ನೂ ಹೊಡಿ ಅಂತ. ಎರಡು ಸಲ ಅಂದರೆ ಸರಿ ಇದೆ, ಮುಂದಕ್ಕೆ ಹೋಗು. ಮೂರು ಸಲ ತಟ್ಟಿದರೆ ಕೆಟ್ಟಿದೆ, ಡ್ರಿಲ್ ಮಾಡಿ ತೆಗೆಯಬೇಕು. ನಿಮ್ಮ ತಾತನಿಗೆ ವಯಸ್ಸಾದ ಮೇಲೆ ಕಿವಿ ಮಂದವಾಗಿತ್ತಾ? ಕೇಳಿ ನೋಡಿ. ನಮ್ಮ ಹಿರಿಯರಲ್ಲಿ ಸುಮಾರು ಜನಕ್ಕೆ ಹಾಗಾಗಿತ್ತು, ಆಗ ಕಿವಿಗೆ ಹತ್ತಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಇನ್ನೊಂದು ಮಾತು. ಹಿಮಾಲಯ ದಾಟುತ್ತಿದ್ದ ಡಕೋಟ ಸಾಗಣೆ ವಿಮಾನ, ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್, ನೀರಿನ ಮೇಲೆ ಇಳಿಯುವ ಕ್ಯಾಟಲಿನಾ, ಈ ಮೂರಕ್ಕೂ ಇದ್ದದ್ದು ಒಂದೇ ಜಾತಿಯ ಎಂಜಿನ್. ಪ್ರ್ಯಾಟ್ ಆಂಡ್ ವಿಟ್ನಿಯ ಟ್ವಿನ್ ವಾಸ್ಪ್, ಏಳೇಳು ಸಿಲಿಂಡರಿನ ಎರಡು ಸಾಲು, ಒಟ್ಟು 14. ಒಂದು ಎಂಜಿನ್ ಶಾಪ್ ಕೈ ಪಳಗಿಸಿಕೊಂಡರೆ ಮೂರು ತರದ ವಿಮಾನಕ್ಕೂ ಆಯಿತು. ಬೆಂಗಳೂರಿನ ಹುಡುಗರ ಕೈ ಪಳಗಿದ್ದು ಹೀಗೆ.

ಅಗ್ರಹಾರದ ಮೊಮ್ಮಗಳು:

ಸರ್, ನಿಮ್ಮಿಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹೌದು, ತಾತನಿಗೆ ಕಿವಿ ಮಂದ. ನಾವು ಕೂಗಿ ಮಾತಾಡಬೇಕಿತ್ತು. ಇನ್ನೊಂದು ವಿಷಯ ಈಗ ಅರ್ಥವಾಯಿತು. ಊಟಕ್ಕೆ ಕೂತಾಗ ಅನ್ನ ಸಾಕು ಅನ್ನೋಕೆ ಅವರು ತಟ್ಟೆ ಪಕ್ಕ ಎರಡು ಸಲ ತಟ್ಟುತ್ತಿದ್ದರು, ಇನ್ನೂ ಬೇಕಿದ್ದರೆ ಒಂದು ಸಲ. ಅಮ್ಮನಿಗೆ ಓದಿ ಹೇಳಿದೆ, ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಬೆಳ್ಳಂದೂರು ಕೆರೆಯ ವಿಷಯ ಯಾರಾದರೂ ಹೇಳಿ.

ಬಾಲದ ನಂಬರ್:

ಬೆಳ್ಳಂದೂರು ಕೆರೆಯಲ್ಲಿ ವಿಮಾನ ಇಳಿಯುತ್ತಿದ್ದದ್ದು ನಿಜ. ಫಿಟ್ಟರ್ ಸರ್ ಹೇಳಿದ ಕ್ಯಾಟಲಿನಾಗಳೇ ಅವು.

ಕ್ಯಾಟಲಿನಾದಲ್ಲಿ ಎರಡು ತರ. ಒಂದಕ್ಕೆ ಮಡಚುವ ಚಕ್ರ ಇದೆ, ಅದು ರನ್‌ವೇ ಮೇಲೂ ಇಳಿಯುತ್ತದೆ, ನೀರಿನ ಮೇಲೂ ಇಳಿಯುತ್ತದೆ. ಇನ್ನೊಂದು ಬರೀ ಹಾರುವ ದೋಣಿ, ಅದಕ್ಕೆ ಚಕ್ರವೇ ಇಲ್ಲ. ಎರಡನೆಯದನ್ನು ಎಚ್‌ಎಎಲ್‌ಗೆ ರಿಪೇರಿಗೆ ತರಬೇಕು ಅಂದರೆ ಹತ್ತಿರದಲ್ಲಿ ದೊಡ್ಡ ಕೆರೆ ಬೇಕೇ ಬೇಕು. ಕಾರ್ಖಾನೆಯ ದಕ್ಷಿಣಕ್ಕೆ ಬೆಳ್ಳಂದೂರು ಕೆರೆ ಇತ್ತು, ಉದ್ದಕ್ಕೆ, ಅಗಲಕ್ಕೆ, ಆಗ ತಿಳಿ ನೀರು. ಇಂಥ ವಿಮಾನ ಇಳಿದ ಮೇಲೆ ಆಳುಗಳು ಸೊಂಟದ ಮಟ್ಟ ನೀರಿಗೆ ಇಳಿದು ತೇಲುತ್ತಿರುವಾಗಲೇ ಪಕ್ಕಗಳಿಗೆ ಚಕ್ರದ ಕಾಲು ಕಟ್ಟುತ್ತಾರೆ, ಬಾಲದ ಕೆಳಗೆ ಇನ್ನೊಂದು. ಆಮೇಲೆ ಹಗ್ಗ ಹಾಕಿ ಟ್ರಾಕ್ಟರಿನಿಂದ ದಡಕ್ಕೆ ಎಳೆಯುತ್ತಾರೆ. ರೆಕ್ಕೆಯ ಉದ್ದ 30 ಮೀಟರಿಗಿಂತ ಜಾಸ್ತಿ. ಇಷ್ಟು ದೊಡ್ಡದು ನೀರಿನಿಂದ ಮೇಲೆ ಬರುವುದನ್ನು ಸುತ್ತಲಿನ ಹಳ್ಳಿಯವರು ನಿಂತು ನೋಡದೇ ಇರುತ್ತಾರಾ? ಅಜ್ಜಿಯ ನೆನಪು ಗಟ್ಟಿಯಾಗಿದೆ.

ಆ ಕೆರೆ ಈಗ ನೊರೆಗೆ, ಬೆಂಕಿಗೆ ಹೆಸರಾಗಿದೆ. ಅದರ ದಡದಲ್ಲಿ ಈ ಕತೆ ಹೇಳುವ ಒಂದು ಫಲಕವಾದರೂ ಇರಬೇಕು ಅಂತ ನನಗೆ ತುಂಬಾ ಆಸೆ. ಕೆರೆ ಉಳಿಸಿ ಅಂತ ಓಡಾಡುವವರಿಗೂ ಇದು ಒಂದು ಕಾರಣ ಆಗಬಹುದು.

ಫೋಟೋ ಸಿಕ್ಕರೆ ಖಂಡಿತ ಹೇಳಿ, ಹಿಂದೆ ಏನೇನು ಕಾಣುತ್ತದೆ ಅಂತ ಬಿಡದೆ ಬರೆಯಿರಿ.

ಯಲಹಂಕ ವಾಸಿ:

ಎಲ್ಲರೂ ಎಚ್‌ಎಎಲ್ ಬಗ್ಗೆಯೇ ಹೇಳುತ್ತಿದ್ದೀರಿ, ನಮ್ಮ ಯಲಹಂಕದ್ದೂ ಸೇರಿಸಿ. ಏರ್ ಶೋ ನಡೆಯುವ ಜಾಗ ಅಂತಲೇ ಜನಕ್ಕೆ ಗೊತ್ತು, ಅದೂ 1996ರಿಂದ. ಭಾರತೀಯ ವಾಯುಪಡೆಯ ನೆಲೆ ಆಗಿದ್ದು 1963ರಲ್ಲಿ. ಆದರೆ ಯುದ್ಧದ ಕಾಲದಲ್ಲೇ ಬ್ರಿಟಿಷ್ ವಾಯುಪಡೆ ಯಲಹಂಕದಿಂದ ಹಾರಾಟ ನಡೆಸಿತ್ತು. 1944ರಲ್ಲಿ ಅವರ 45ನೇ ಸ್ಕ್ವಾಡ್ರನ್ ಮಾಸ್ಕಿಟೊ ವಿಮಾನ ಕಲಿಯೋಕೆ ಬಂದಿದ್ದು ಇಲ್ಲಿಗೇ.

ಮಾಸ್ಕಿಟೊ ಮರದ ವಿಮಾನ. ತೆಳು ಪ್ಲೈವುಡ್ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಅಂಟು ಹಾಕಿ ಒತ್ತಿ ಮಾಡಿದ್ದು. ಇಂಗ್ಲೆಂಡಿನ ಚಳಿಯಲ್ಲಿ ಚೆನ್ನಾಗಿಯೇ ಇತ್ತು. ನಮ್ಮ ಕಡೆಯ ಬಿಸಿಲು, ಮಳೆ ಸೇರಿ 1944ರ ಕೊನೆಯಲ್ಲಿ ತೊಂದರೆ ಕೊಡೋಕೆ ಶುರುವಾಯಿತು, ಭಾರತದಲ್ಲಿ ಕೆಲವು ವಿಮಾನಗಳ ರೆಕ್ಕೆ ಹಾರುವಾಗಲೇ ಕಳಚಿ ಹೋದವು. ಎಲ್ಲವನ್ನೂ ನೆಲಕ್ಕೆ ಇಳಿಸಿ ತನಿಖೆ ಮಾಡಿದರು. ಅಂಟಿನ ಜೋಡಣೆಗಳಲ್ಲಿ ದೋಷ ಸಿಕ್ಕಿತು.

ಜಾಲಹಳ್ಳಿ ಕಡೆ ಇನ್ನೊಂದು ಕತೆ. ಉತ್ತರ ಆಫ್ರಿಕದಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿನ ಸುತ್ತ ಶಿಬಿರಗಳಲ್ಲಿ ಇಟ್ಟಿದ್ದರು. ನಮ್ಮ ಅಜ್ಜಿ ತರಕಾರಿ ಮಾರೋಕೆ ಹೋಗುವಾಗ ತಂತಿ ಬೇಲಿ ಆಚೆ ಅವರು ಹಾಡುವುದು ಕೇಳುತ್ತಿತ್ತು ಅಂತ ಹೇಳುತ್ತಿದ್ದರು. ಒಂದೇ ಊರಿನ ಒಂದು ಮೂಲೆಯಲ್ಲಿ ಅಮೆರಿಕದವರು, ಇನ್ನೊಂದು ಕಡೆ ಬ್ರಿಟಿಷ್ ಪೈಲಟ್‌ಗಳು, ಮತ್ತೊಂದು ಕಡೆ ಇಟಲಿಯ ಕೈದಿಗಳು. ಇದೆಲ್ಲ ಶಾಲೆಯ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ.

ಬಳ್ಳಾರಿ ಬಿಸಿಲು:

ಬೆಂಗಳೂರಿನವರು ಬೇಸರ ಮಾಡಿಕೊಳ್ಳಬೇಡಿ, ನಮ್ಮ ಬಳ್ಳಾರಿಯ ಹೆಸರು ಇನ್ನೂ ಹಳೇದು. ಇದು ಯುದ್ಧಕ್ಕಿಂತ ಮುಂಚಿನ ಮಾತು. 1932ರ ಅಕ್ಟೋಬರ್ 15ಕ್ಕೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು ಅಹಮದಾಬಾದ್ ಮೇಲೆ ಮುಂಬಯಿಗೆ ಹಾರಿದರಲ್ಲ, ಅಲ್ಲಿಂದ ಮದ್ರಾಸಿಗೆ ವಿಮಾನ ಒಯ್ದವರು ನೆವಿಲ್ ವಿಂಟ್ಸೆಂಟ್. ಅವರು ಹೋಗಿದ್ದು ಬಳ್ಳಾರಿ ಮೇಲೆ, ಇಳಿದಿದ್ದು ನಮ್ಮ ಊರಲ್ಲೇ. ಪುಸ್ ಮಾತ್ ಅನ್ನುವ ಪುಟ್ಟ ವಿಮಾನ, ಒಂದೇ ಎಂಜಿನ್. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಪ್ಪು ಮಣ್ಣಿನ ಬಯಲಲ್ಲಿ ಇಳಿದ ಆ ವಿಮಾನ ನೋಡಿದವರು ಈಗ ಯಾರೂ ಉಳಿದಿಲ್ಲ, ಆದರೆ ಟಾಟಾ ವಿಮಾನ ಅಂಚೆಯ ಮೊದಲ ಹಾದಿಯಲ್ಲಿ ನಮ್ಮ ಊರು ಇತ್ತು ಅನ್ನುವುದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಹಳೇ ಫಿಟ್ಟರ್:

ಬಳ್ಳಾರಿಯವರು ಹೇಳಿದ್ದು ಒಳ್ಳೇದಾಯಿತು.

ಯುದ್ಧ ಮುಗಿದ ಮೇಲೆ ಏನಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಿಮ್ಮ ತಾತನಂಥವರ ಬೆಲೆ ಗೊತ್ತಾಗಿದ್ದು ಆಗಲೇ. ರಿಪೇರಿಗೆ ವಿಮಾನ ಬರುವುದು ನಿಂತಿತು. ಅಷ್ಟು ಜನ ಕೆಲಸಗಾರರಿಗೆ ಏನು ಕೊಡುವುದು? ಅದೇ ತಗಡು, ಅದೇ ರಿವೆಟ್ ಕೆಲಸದ ಅನುಭವ ಇಟ್ಟುಕೊಂಡು ರೈಲ್ವೆ ಬೋಗಿ ಕಟ್ಟಿದರು, ಬಸ್ ಬಾಡಿ ಕಟ್ಟಿದರು.

ಆಮೇಲೆ ಕಾನ್ಪುರದ ಕತೆ. ಬ್ರಿಟಿಷರು ಹೋಗುವಾಗ ಲಿಬರೇಟರ್ ಬಾಂಬರುಗಳನ್ನು ಅಲ್ಲೇ ಬಿಟ್ಟು ಹೋದರು. ಅವು ಅಮೆರಿಕ ಯುದ್ಧದ ಕರಾರಿನ ಮೇಲೆ ಕೊಟ್ಟಿದ್ದ ವಿಮಾನಗಳು, ಮತ್ತೆ ಯಾರೂ ಹಾರಿಸಬಾರದು ಅಂತ ಬೇಕಂತಲೇ ಹಾಳು ಮಾಡಿ ಬಿಟ್ಟಿದ್ದರು. ಉಪಕರಣ ಒಡೆದು, ಮೈ ಜಜ್ಜಿ ಹಾಕಿದ್ದರು. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟರ ಮಟ್ಟಿಗೆ ಸರಿ ಮಾಡಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹಾರಿಸಿದವರು ನಮ್ಮ ಪೈಲಟ್ ಜಮ್ಶೆಡ್ ಮುನ್ಷಿ. ಇಲ್ಲಿ ಪೂರ್ತಿ ರಿಪೇರಿ ಆಗಿ 40ರಷ್ಟು ಲಿಬರೇಟರುಗಳು ಭಾರತೀಯ ವಾಯುಪಡೆಗೆ ಹೋದವು. 1948ರಲ್ಲಿ ಶುರುವಾದ ಆ ಸೇವೆ 1968ರವರೆಗೆ ನಡೆಯಿತು. ಬೇರೆ ದೇಶಗಳಲ್ಲಿ ಇವನ್ನು ಯಾವತ್ತೋ ಕರಗಿಸಿಬಿಟ್ಟಿದ್ದರು. ಈಗ ಲಂಡನ್ನಿನ ಹೆಂಡನ್ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್ ನಮ್ಮಿಂದ ಹೋಗಿದ್ದು. ಅದರ ಮೈ ಮೇಲೆ ಬೆಂಗಳೂರಿನವರು ಹೊಡೆದ ರಿವೆಟ್ ಇದೆ ಅಂತ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಸ್ವಂತ ವಿಮಾನದ ಕೆಲಸವೂ ಅದೇ ಕಾಲದಲ್ಲಿ ಬೇರು ಬಿಟ್ಟಿತು. ವಿಮಾನ ವಿನ್ಯಾಸಕಾರ ಡಾ. ವಿ.ಎಂ. ಘಾಟಗೆ ಯುದ್ಧದ ಸಮಯದಲ್ಲೇ 10 ಜನ ಕೂರುವ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ವಿನ್ಯಾಸ ಮಾಡಿದ್ದರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಗಿದ್ದೂ 1942ರಲ್ಲಿ. ಮುಂದೆ ಘಾಟಗೆಯವರದೇ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು, ಹಾರಿಸಿದವರು ಅದೇ ಮುನ್ಷಿ.

ಅಗ್ರಹಾರದ ಮೊಮ್ಮಗಳು:

ಫೋಟೋ ಬಂತು! ಅಂಗೈ ಅಗಲದ ಕಪ್ಪು ಬಿಳುಪು ಫೋಟೋ, ಅಂಚು ಹಲ್ಲು ಹಲ್ಲಾಗಿದೆ. ತಾತ ಮತ್ತು ಅವರ ವಯಸ್ಸಿನ ಕೆಲವರು ಸಾಲಾಗಿ ನಿಂತಿದ್ದಾರೆ, ಖಾಕಿ ಚಡ್ಡಿ, ಎಲ್ಲರ ತಲೆಯಲ್ಲೂ ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಹಿಂದೆ ವಿಮಾನದ ಒಂದು ಭಾಗ ಮಾತ್ರ ಕಾಣುತ್ತದೆ. ಅದರ ಮೈ ಮೇಲೆ ಒಂದು ದುಂಡು, ದುಂಡಿನೊಳಗೆ ಬಿಳಿ ನಕ್ಷತ್ರ, ಎರಡೂ ಪಕ್ಕ ಬಿಳಿ ಪಟ್ಟಿ. ಪಕ್ಕದಲ್ಲಿ ಮೊಟ್ಟೆ ಆಕಾರದ ದೊಡ್ಡ ಗಾಜಿನ ಗುಮ್ಮಟ, ಗೋಡೆಯಿಂದ ಉಬ್ಬಿ ಬಂದ ಹಾಗೆ. ರೆಕ್ಕೆ ಮೈಗೆ ಅಂಟಿಕೊಂಡಿಲ್ಲ, ಮೇಲೆ ಎಲ್ಲೋ ಇದ್ದ ಹಾಗಿದೆ. ವರ್ಷ ಬರೆದಿಲ್ಲ.

ಬಾಲದ ನಂಬರ್:

ಮೇಡಂ, ಅದು ಕ್ಯಾಟಲಿನಾ. ಆ ಗಾಜಿನ ಗುಮ್ಮಟ ಅದರ ಗುರುತು. ಎರಡು ಪಕ್ಕಕ್ಕೂ ಒಂದೊಂದು ಇರುತ್ತದೆ, ಅಲ್ಲಿ ಕೂತು ಸಮುದ್ರದಲ್ಲಿ ಬಿದ್ದವರನ್ನು, ಶತ್ರುವಿನ ಹಡಗನ್ನು ಹುಡುಕುತ್ತಿದ್ದರು. ರೆಕ್ಕೆಯನ್ನು ಮೈ ಮೇಲೆ ಒಂದು ಕಂಬದಂಥ ಭಾಗದ ಮೇಲೆ ಎತ್ತಿ ಕೂರಿಸಿರುತ್ತಾರೆ, ನೀರು ತಾಗಬಾರದು ಅಂತ.

ವರ್ಷವನ್ನು ನಕ್ಷತ್ರವೇ ಹೇಳುತ್ತದೆ. ಅಮೆರಿಕದ ವಿಮಾನಗಳ ನಕ್ಷತ್ರದ ನಡುವೆ ಮೊದಲು ಕೆಂಪು ಚುಕ್ಕೆ ಇತ್ತು. ಜಪಾನಿನ ಕೆಂಪು ಸೂರ್ಯ ಅಂತ ತಪ್ಪು ತಿಳಿದು ತಮ್ಮವರೇ ಗುಂಡು ಹೊಡೆದಾರು ಅಂತ 1942ರ ಮೇ ತಿಂಗಳಲ್ಲಿ ಚುಕ್ಕೆ ತೆಗೆದರು. ಅದೇ ಕಾರಣಕ್ಕೆ ನಮ್ಮ ಕಡೆ ಹಾರುತ್ತಿದ್ದ ಬ್ರಿಟಿಷ್, ಭಾರತೀಯ ವಿಮಾನಗಳ ದುಂಡಿನಲ್ಲೂ ಕೆಂಪು ಬಣ್ಣ ಬಿಟ್ಟರು. ಪಕ್ಕದ ಬಿಳಿ ಪಟ್ಟಿ ಬಂದಿದ್ದು 1943ರ ಮಧ್ಯದಲ್ಲಿ. ನಿಮ್ಮ ಫೋಟೋದಲ್ಲಿ ಪಟ್ಟಿ ಇದೆ, ಹಾಗಾಗಿ ಅದು ಅದಕ್ಕಿಂತ ಹಿಂದಿನದಲ್ಲ. ಮೇಷ್ಟ್ರು ಹೇಳಿದ ಅಮೆರಿಕದವರ ಆಡಳಿತದ ಕಾಲಕ್ಕೆ ಸರಿಯಾಗಿ ಕೂಡುತ್ತದೆ.

ದಯವಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದು ಬಿಡಬೇಡಿ, ಸ್ಕ್ಯಾನ್ ಮಾಡಿಸಿ. ಹಿಂಭಾಗವನ್ನೂ ಮಾಡಿಸಿ, ಸ್ಟುಡಿಯೋ ಮುದ್ರೆ ಇದ್ದರೆ ಅದೂ ಒಂದು ಸುಳಿವು. ಫೋಟೋ ಅಂಟಿಸಿದ್ದರೆ ಕೀಳಬೇಡಿ. ಅಜ್ಜಿ ಪಕ್ಕ ಕೂತು ಫೋಟೋದಲ್ಲಿರುವ ಒಬ್ಬೊಬ್ಬರನ್ನೇ ತೋರಿಸಿ ಹೆಸರು ಕೇಳಿ, ಅವರು ಹೇಳುವುದನ್ನು ರೆಕಾರ್ಡ್ ಮಾಡಿ. ಆಮೇಲೆ ಎಚ್‌ಎಎಲ್ ಮ್ಯೂಸಿಯಂಗೆ ಒಮ್ಮೆ ಕರೆದುಕೊಂಡು ಹೋಗಿ, ಅಲ್ಲಿನ ಹಳೇ ಫೋಟೋಗಳನ್ನು ನೋಡಿದರೆ ಅವರಿಗೆ ಇನ್ನೂ ಏನೇನು ನೆನಪಾಗುತ್ತದೋ.

ಅಗ್ರಹಾರದ ಮೊಮ್ಮಗಳು:

ಸ್ಕ್ಯಾನ್ ನಾಳೆಯೇ ಮಾಡಿಸುತ್ತೇನೆ. ಈಗಷ್ಟೇ ಅಜ್ಜಿಗೆ ತೋರಿಸಿದೆ. ಎಡಗಡೆಯಿಂದ ಎರಡನೆಯವರು ನಮ್ಮ ಬೀದಿಯವರೇ ಅಂತೆ, ತಾತನ ಜೊತೆ ಒಳಗೆ ಡಾಲಿ ಹಿಡಿಯುತ್ತಿದ್ದ ಹುಡುಗ. ಅವರ ಮಗಳು ಮುರುಗೇಶಪಾಳ್ಯದಲ್ಲಿದ್ದಾರೆ ಅಂತ ಅಮ್ಮ ಹೇಳಿದರು. ಫಿಟ್ಟರ್ ಸರ್, ಅವರನ್ನು ಭೇಟಿ ಮಾಡೋಕೆ ಹೋಗುವ ಮುಂಚೆ ಏನೇನು ಕೇಳಬೇಕು ಅಂತ ನೀವು ಒಂದಿಷ್ಟು ಬರೆದು ಕೊಡ್ತೀರಾ?

ಹಳೇ ಫಿಟ್ಟರ್:

ಇವತ್ತು ರಾತ್ರಿಯೇ ಬರೆದು ಕಳಿಸುತ್ತೇನಮ್ಮ. ಸದ್ಯಕ್ಕೆ ಮೊದಲು ಇದು ಕೇಳಿ: ಅವರ ಅಪ್ಪನ ಹಳೇ ಟೂಲ್ ಪೆಟ್ಟಿಗೆ, ಟೋಕನ್ ಬಿಲ್ಲೆ ಮನೆಯಲ್ಲಿ ಇನ್ನೂ ಇದೆಯಾ ಅಂತ. ಇದ್ದರೆ ಗುಜರಿಗೆ ಹಾಕಬೇಡಿ ಅಂತ ಹೇಳಿ. ನಾನೂ ನಿಮ್ಮ ಜೊತೆ ಬರುತ್ತೇನೆ.